ಹಳೇ ಜೀಪ್ ಟ್ರಕ್ಕಿಗೆ ಸ್ಪೀಡ್ಯುನೊ ಇಸಿಯು: 2,200 ದಾಟಿದ್ರೆ ಎಂಜಿನ್ ಮುಗ್ಗರಿಸುತ್ತೆ

ಪ್ರಶ್ನೆ, ಮಂಡ್ಯದಿಂದ:

ಗಾಡಿ ಹಳೇ ಮಹೀಂದ್ರ ಪೆಟ್ರೋಲ್ ಜೀಪ್ ಟ್ರಕ್, 2.2 ಲೀಟರ್ ಹರಿಕೇನ್ ಎಂಜಿನ್. ಕಾರ್ಬುರೇಟರ್ ತೆಗೆದು ಸ್ಪೀಡ್ಯುನೊ ಇಸಿಯು (ಪೆಟ್ರೋಲು, ಕಿಡಿ ಎರಡನ್ನೂ ನಿಯಂತ್ರಿಸೋ ಪುಟ್ಟ ಕಂಪ್ಯೂಟರ್) ಹಾಕಿದೀನಿ. ಈ ಎಂಜಿನ್ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡು ಹೆಡ್ಡಿನ ಜೊತೆಗೇ ಎರಕ ಹೊಯ್ದಿರೋದ್ರಿಂದ ಸಿಲಿಂಡರಿಗೊಂದು ಇಂಜೆಕ್ಟರ್ ಕೂರಿಸೋಕೆ ಜಾಗ ಇಲ್ಲ. ಅದಕ್ಕೇ ಕಾರ್ಬುರೇಟರ್ ಇದ್ದ ಕಡೆ ಥ್ರಾಟಲ್ ಬಾಡಿ, ಎರಡು ಇಂಜೆಕ್ಟರ್. ಕ್ರ್ಯಾಂಕ್ ಪುಲ್ಲಿ ಮೇಲೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗದಲ್ಲಿ ಒಂದು ಖಾಲಿ), ಹಲ್ಲು ದಾಟೋದನ್ನ ಅಯಸ್ಕಾಂತದಿಂದ ಗುರುತಿಸೋ ಎರಡು ತಂತಿಯ ವಿಆರ್ ಸೆನ್ಸರ್, ಗ್ಯಾಪ್ 0.8 ಮಿ.ಮೀ. ಇಗ್ನಿಷನ್ ವೇಸ್ಟೆಡ್ ಸ್ಪಾರ್ಕ್, ಅಂದ್ರೆ ಎರಡು ಸಿಲಿಂಡರಿಗೆ ಒಟ್ಟಿಗೇ ಕಿಡಿ. 1-4 ಒಂದು ಜೋಡಿ, 2-3 ಇನ್ನೊಂದು.

ಸ್ಟಾರ್ಟ್ ಆಗುತ್ತೆ, ಐಡಲ್ ಚೆನ್ನಾಗಿದೆ. 2,200 ಆರ್‌ಪಿಎಂ ದಾಟಿದ ಕೂಡಲೇ ಕಟ್ ಕಟ್ ಅಂತ ಮುಗ್ಗರಿಸುತ್ತೆ. ಪೆಟ್ರೋಲ್ ಪ್ರೆಷರ್ 3 ಬಾರ್, ಅಲುಗಾಡಲ್ಲ. ಫ್ಯುಯೆಲ್ ಮ್ಯಾಪಲ್ಲಿ (ಎಷ್ಟು ಪೆಟ್ರೋಲ್ ಕೊಡಬೇಕು ಅನ್ನೋ ಕೋಷ್ಟಕ) ಪೆಟ್ರೋಲ್ ಜಾಸ್ತಿ ಕೊಟ್ಟು ನೋಡಿದೆ, ಏನೂ ಬದಲಾಗಲಿಲ್ಲ. ಲಾಗ್‌ನಲ್ಲಿ ಆರ್‌ಪಿಎಂ ಒಂದು ಕ್ಷಣ ಸೊನ್ನೆಗೆ ಬೀಳುತ್ತೆ. ಎಲ್ಲಿಂದ ಹುಡುಕಲಿ?

ಉತ್ತರ, ಮೈಸೂರಿಂದ:

ಸರ್, ಫ್ಯುಯೆಲ್ ಮ್ಯಾಪ್ ಮುಟ್ಟಬೇಡಿ. ಮಾಡಿದ ಬದಲಾವಣೆ ವಾಪಸ್ ತೆಗೀರಿ, ಇಲ್ಲದಿದ್ರೆ ಆಮೇಲೆ ಎರಡು ತೊಂದರೆ ಒಂದರೊಳಗೊಂದು ಸೇರ್ಕೊಳ್ಳುತ್ತೆ. ಆರ್‌ಪಿಎಂ ಸೊನ್ನೆಗೆ ಬೀಳ್ತಿದೆ ಅಂದ್ರೆ ಇಸಿಯುಗೆ ಕ್ರ್ಯಾಂಕ್ ಎಲ್ಲಿದೆ ಅನ್ನೋದೇ ತಪ್ಪಿಹೋಗ್ತಿದೆ.

ಟ್ಯೂನರ್‌ಸ್ಟುಡಿಯೊದಲ್ಲಿ (ಇಸಿಯು ಹೊಂದಿಸೋ ಲ್ಯಾಪ್‌ಟಾಪ್ ಸಾಫ್ಟ್‌ವೇರ್) ಟೂತ್ ಲಾಗರ್ ಹಾಕಿ, ಎಂಜಿನ್ 1,500 ಆರ್‌ಪಿಎಂನಲ್ಲಿ ನಿಲ್ಲಿಸಿ ನೋಡಿ. ಅಲ್ಲಿ ಗೀಟಿನ ಎತ್ತರ ಅಂದ್ರೆ ಒಂದು ಹಲ್ಲಿಂದ ಮುಂದಿನ ಹಲ್ಲಿಗೆ ಹಿಡಿದ ಸಮಯ. ಒಂದೇ ಎತ್ತರದ ಗೀಟುಗಳು ಸಾಲಾಗಿ ಬಂದು, ಸುತ್ತಿಗೊಂದು ಸಲ ಸರಿಯಾಗಿ ಎರಡು ಪಟ್ಟು ಎತ್ತರದ ಒಂದೇ ಗೀಟು ಬರಬೇಕು. ಅದೇ ಹಲ್ಲಿಲ್ಲದ ಜಾಗ. ಅದರ ಬದಲು ಒಂದೂವರೆ ಪಟ್ಟಿನ ಎರಡು ಗೀಟು ಅಕ್ಕಪಕ್ಕ ಬಂದ್ರೆ ವಿಆರ್ ಸೆನ್ಸರಿನ ತಂತಿ ಉಲ್ಟಾ ಇದೆ ಅಂತ ಅರ್ಥ. ಒಂದು ಹಲ್ಲು ಬಿಟ್ಟ ಚಕ್ರದಲ್ಲಿ ಸ್ಪೀಡ್ಯುನೊ ಹಿಂದಿನ ಅಂತರದ 1.5 ಪಟ್ಟು ದಾಟಿದ್ದನ್ನೇ ಖಾಲಿ ಜಾಗ ಅಂತ ಲೆಕ್ಕ ಹಿಡಿಯುತ್ತೆ. ಉಲ್ಟಾ ಇದ್ದಾಗ ಎರಡೂ ಗೀಟು ಆ ಗಡಿ ಮೇಲೇ ಕೂತಿರುತ್ವೆ: ಐಡಲ್‌ನಲ್ಲಿ ಹೇಗೋ ನಡೆದುಬಿಡುತ್ತೆ, ವೇಗ ಏರಿದಾಗ ಒಂದ್ಸಲ ಇದನ್ನ, ಒಂದ್ಸಲ ಅದನ್ನ ಹಿಡಿಯುತ್ತೆ. ಸೆನ್ಸರಿನ ಎರಡು ತಂತಿ ಅದಲು ಬದಲು ಮಾಡಿದ್ರೆ ಸಾಕು.

ಮಂಡ್ಯ:

ನೀವು ಹೇಳಿದ ಹಾಗೇ ಎರಡು ಅರ್ಧಂಬರ್ಧ ಗೀಟು ಇದ್ದವು ಸರ್. ತಂತಿ ಬದಲಿಸಿದ ಮೇಲೆ ಒಂದೇ ಗೀಟು, ಎರಡು ಪಟ್ಟು. ಈಗ 3,000ದವರೆಗೂ ಸಲೀಸಾಗಿ ಹೋಗುತ್ತೆ. ಆದ್ರೆ ನಿಮಿಷಕ್ಕೆ ಎರಡು ಮೂರು ಸಲ ಸಿಂಕ್ ಲಾಸ್ (ಇಸಿಯುಗೆ ಕ್ರ್ಯಾಂಕ್ ಸ್ಥಾನ ತಪ್ಪಿಹೋಗೋದು) ಇನ್ನೂ ಇದೆ. ಗೀಟುಗಳ ನಡುವೆ ಎಲ್ಲೋ ಒಂದು ಕಡೆ ಸಣ್ಣ ಗೀಟು ನುಸುಳುತ್ತೆ. ಪ್ಲಗ್ಗಿಗೆ ಹೋಗೋ ಹಳೇ ತಾಮ್ರದ ಎಚ್‌ಟಿ (ಹೈ ಟೆನ್ಷನ್) ವೈರನ್ನೇ ಉಳಿಸ್ಕೊಂಡಿದೀನಿ.

ಮೈಸೂರು:

ಆ ಸಣ್ಣ ಗೀಟು ಹಲ್ಲಲ್ಲ, ಸ್ಪಾರ್ಕಿನ ಗಲಾಟೆ. ಇಸಿಯು ಇಲ್ಲದ ಕಾಂಟ್ಯಾಕ್ಟ್ ಪಾಯಿಂಟ್ ಇಗ್ನಿಷನ್ ಕಾಲದಲ್ಲಿ ತಾಮ್ರದ ವೈರಿಂದ ರೇಡಿಯೊ ಕರಕರ ಅಂತಿತ್ತು, ಅಷ್ಟೇ. ಇಸಿಯುಗೆ ಅದು ಒಂದು ಹಲ್ಲು ಹೆಚ್ಚಿಗೆ ಬಂದ ಹಾಗೆ. ರೆಸಿಸ್ಟೆನ್ಸ್ ಇರೋ ಎಚ್‌ಟಿ ವೈರ್, ರೆಸಿಸ್ಟರ್ ಇರೋ ಪ್ಲಗ್, ಎರಡನ್ನೂ ಹಾಕಿ. ಸೆನ್ಸರ್ ವೈರ್ ಶೀಲ್ಡ್ ಇರೋದೇ ಆಗಬೇಕು. ಆ ಶೀಲ್ಡನ್ನ ಇಸಿಯು ಕಡೆ ಮಾತ್ರ ಅರ್ತ್ ಮಾಡಿ, ಸೆನ್ಸರ್ ಕಡೆ ಬಿಟ್ಟುಬಿಡಿ. ಎರಡೂ ಕಡೆ ಕಟ್ಟಿದ್ರೆ ಎಂಜಿನ್ನಿನ ಕರೆಂಟು ಅದರಲ್ಲೇ ಹರಿಯೋಕೆ ಶುರುವಾಗುತ್ತೆ. ಎಚ್‌ಟಿ ವೈರ್ ಪಕ್ಕದಲ್ಲಿ ಸೆನ್ಸರ್ ವೈರ್ ಓಡಿಸಬೇಡಿ, ದಾಟಲೇಬೇಕಾದ್ರೆ ಅಡ್ಡಡ್ಡ ದಾಟಿಸಿ. ಇಷ್ಟಾದ್ರೂ ನಿಲ್ಲದಿದ್ರೆ ಸೆನ್ಸರಿನ ಒಂದು ತಂತಿಗೆ 10 ಕಿಲೋಓಮ್ ರೆಸಿಸ್ಟರ್ ಸಾಲಲ್ಲಿ ಸೇರಿಸಿ.

ಅರ್ತ್ ಬಗ್ಗೆ ನೀವು ಏನೂ ಬರೆದಿಲ್ಲ. ಹಳೇ ಗಾಡಿಗಳಲ್ಲಿ ಚಾಸಿಗೆ ಹಾಕಿದ ಅರ್ತ್ ನಂಬೋ ಹಾಗಿಲ್ಲ. ಇಸಿಯು ಅರ್ತುಗಳೆಲ್ಲ ಎಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ ಹೋಗಲಿ. ಸೆಲ್ಫ್ ಹೊಡೆಯೋವಾಗ ಬ್ಯಾಟರಿ ನೆಗೆಟಿವ್‌ಗೂ ಇಸಿಯು ಅರ್ತ್‌ಗೂ ನಡುವೆ ಮೀಟರ್ ಇಟ್ಟು ನೋಡಿ, 0.2 ವೋಲ್ಟ್ ಮೀರಬಾರದು.

ಇನ್ನೊಬ್ಬರು, ಮೈಸೂರಿಂದಲೇ:

ತಂತಿ ಅದಲು ಬದಲಾದ ಮೇಲೆ ಟೈಮಿಂಗ್ ಜರುಗಿರುತ್ತೆ, ಇದನ್ನ ಮರೀಬೇಡಿ. ಲೋಡ್ ಹಾಕೋ ಮುಂಚೆ ಟ್ರಿಗರ್ ಆಂಗಲ್ (ಚಕ್ರದ ಹಲ್ಲಿಗೂ ಕ್ರ್ಯಾಂಕ್ ಸ್ಥಾನಕ್ಕೂ ಇರೋ ಕೋನ) ಹೊಸದಾಗಿ ಹೊಂದಿಸಲೇಬೇಕು. ಫಿಕ್ಸೆಡ್ ಟೈಮಿಂಗ್ 10 ಡಿಗ್ರಿಗೆ ಇಟ್ಟು ಟೈಮಿಂಗ್ ಲೈಟಿನಲ್ಲಿ ನೋಡಿ. ಡಯಲ್ ಇರೋ ಲೈಟ್ ಆದ್ರೆ ಡಯಲ್ ಸೊನ್ನೆಗಿಟ್ಟು ಪುಲ್ಲಿ ಮೇಲಿನ ಗುರುತನ್ನೇ ಓದಿ. ವೇಸ್ಟೆಡ್ ಸ್ಪಾರ್ಕಲ್ಲಿ ಸುತ್ತಿಗೊಂದು ಕಿಡಿ ಬರೋದ್ರಿಂದ ಎಷ್ಟೋ ಲೈಟುಗಳ ಡಯಲ್ ಡಬಲ್ ತೋರಿಸುತ್ತೆ.

ಇನ್ನೊಂದು: ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಗಾಳಿ ಒತ್ತಡ ಅಳೆಯೋದು, ಫ್ಯುಯೆಲ್ ಮ್ಯಾಪ್ ಅಲ್ಲ) ಓದಿ. ಮಂಡ್ಯದ ಎತ್ತರಕ್ಕೆ ಸುಮಾರು 93 ಕಿಲೋಪ್ಯಾಸ್ಕಲ್ ಬರಬೇಕು, 101 ತೋರಿಸಿದ್ರೆ ಕ್ಯಾಲಿಬ್ರೇಷನ್ ತಪ್ಪು. ಮೊಬೈಲ್ ಹವಾಮಾನದಲ್ಲಿ 1010 ಹೆಕ್ಟೊಪ್ಯಾಸ್ಕಲ್ (101 ಕಿಲೋಪ್ಯಾಸ್ಕಲ್) ಅಂತ ಬರೋದು ಸಮುದ್ರ ಮಟ್ಟಕ್ಕೆ ಇಳಿಸಿದ ಲೆಕ್ಕ, ಅದನ್ನ ಹಿಡಿದು ಸೆನ್ಸರ್ ತಿದ್ದಬೇಡಿ.

ಮಂಡ್ಯ:

ವೈರ್, ಪ್ಲಗ್, ಶೀಲ್ಡ್ ಮೂರೂ ಆಯ್ತು. ಅರ್ತ್ 0.6 ವೋಲ್ಟ್ ಇತ್ತು, ಬ್ಲಾಕಿಗೆ ತಂದ ಮೇಲೆ 0.08. ಟೈಮಿಂಗ್ 5 ಡಿಗ್ರಿ ತಪ್ಪಿತ್ತು, ಸರಿ ಮಾಡಿದೆ. ಮ್ಯಾಪ್ ಸೆನ್ಸರ್ 93 ತೋರಿಸ್ತು. ಇಪ್ಪತ್ತು ನಿಮಿಷದ ಲಾಗ್‌ನಲ್ಲಿ ಸಿಂಕ್ ಲಾಸ್ ಸೊನ್ನೆ. ರೆಸಿಸ್ಟರ್ ಬೇಕಾಗಲಿಲ್ಲ. ಇನ್ನು ಫ್ಯುಯೆಲ್ ಮ್ಯಾಪ್ ಶುರು ಮಾಡ್ತೀನಿ ಸರ್.