ಬಹುಮಾನದ ಗಡಿಯಲ್ಲಿ 8 ಬಿಗ್ ಬ್ಲೈಂಡ್: ಫೋಲ್ಡ್ ಮಾಡಿದ್ದು ಸರಿಯೇ?

ಪ್ರಶ್ನೆ: ಪೋಕರ್ ಟೂರ್ನಮೆಂಟಿನಲ್ಲಿ 27 ಮಂದಿಗೆ ಬಹುಮಾನವಿದ್ದು, 29 ಮಂದಿ ಉಳಿದಿದ್ದರು. ನನ್ನ ಬಳಿ 8 ಬಿಗ್ ಬ್ಲೈಂಡ್ (ಸರದಿಯಂತೆ ಒಬ್ಬರು ಕಡ್ಡಾಯವಾಗಿ ಇಡುವ ದೊಡ್ಡ ಪಣ) ಆಗುವಷ್ಟು ಚಿಪ್ ಇದ್ದವು. ಬಟನ್‌ನಲ್ಲಿದ್ದ (ಬ್ಲೈಂಡ್ ಇಟ್ಟ ಇಬ್ಬರಷ್ಟೇ ನಂತರ ಆಡುವ ಜಾಗ) ನನಗೆ ಎಕ್ಕ ಮತ್ತು ಒಂಬತ್ತು ಬಂದವು. ನನಗಿಂತ ಮೊದಲಿನವರೆಲ್ಲ ಎಲೆ ಕೆಳಗಿಟ್ಟಿದ್ದರೂ, ಬಿಗ್ ಬ್ಲೈಂಡ್‌ನಲ್ಲಿ ಟೇಬಲ್ಲಿನ ಅತಿ ದೊಡ್ಡ ಚಿಪ್ ರಾಶಿಯವರಿದ್ದ ಕಾರಣ ನಾನೂ ಫೋಲ್ಡ್ ಮಾಡಿದೆ (ಎಲೆ ಬಿಟ್ಟೆ). ಹೆದರಿದೆನೇ?

ಉತ್ತರ 1: ನಿಮಗಿಂತ ಚಿಕ್ಕ ರಾಶಿಗಳು ಎಷ್ಟಿದ್ದವು ಎಂಬುದನ್ನು ನೀವು ಬರೆದಿಲ್ಲ, ನಿರ್ಧಾರವೆಲ್ಲ ಅದರ ಮೇಲೆಯೇ ನಿಂತಿದೆ. ಈ ಹಂತದಲ್ಲಿ ಗೆಲ್ಲುವ ಚಿಪ್ಪಿಗಿಂತ ಕಳೆದುಕೊಳ್ಳುವ ಚಿಪ್ಪಿನ ಬೆಲೆ ಹೆಚ್ಚೆಂಬುದು ಐಸಿಎಂ (ಚಿಪ್ಪುಗಳಿಗೆ ಬಹುಮಾನದ ಹಣದಲ್ಲಿ ಬೆಲೆ ಕಟ್ಟುವ ವಿಧಾನ) ಲೆಕ್ಕ. ಆದರೆ ಬಿಗ್ ಬ್ಲೈಂಡ್ ಆಂಟೆ (ಬಿಗ್ ಬ್ಲೈಂಡ್ ಇಡುವವರೇ ಎಲ್ಲರ ಪರವಾಗಿ ಇಡುವ ಹೆಚ್ಚುವರಿ ಪಣ) ಇರುವ ಆಟದಲ್ಲಿ ಒಂದು ಸುತ್ತಿಗೆ ಎರಡೂವರೆ ಬ್ಲೈಂಡ್ ಖರ್ಚಾಗಿ, ನಿಮ್ಮ 8 ಐದೂವರೆಗೆ ಇಳಿದ ಮೇಲೆ, ನಿಮ್ಮ ಆಲ್-ಇನ್‌ಗೆ (ಇದ್ದ ಚಿಪ್ಪೆಲ್ಲ ಪಣಕ್ಕಿಡುವುದಕ್ಕೆ) ಯಾರೂ ಅಂಜುವುದಿಲ್ಲ.

ಉತ್ತರ 2: ನಾನಾಗಿದ್ದರೆ ಆಲ್-ಇನ್ ಹೋಗುತ್ತಿದ್ದೆ. ದೊಡ್ಡ ರಾಶಿಯವರು ಸಡಿಲವಾಗಿ, ದುರ್ಬಲ ಎಲೆಗಳಿಗೂ, ಕಾಲ್ ಮಾಡುತ್ತಾರೆ (ಪಣಕ್ಕೆ ಸಮನಾಗಿ ಇಡುತ್ತಾರೆ), ನಿಜ. ಆ ಸಡಿಲ ಎಲೆಗಳಲ್ಲಿ ಅನೇಕವನ್ನು ಎಕ್ಕ-ಒಂಬತ್ತು ಹಿಂದಿಕ್ಕಿರುತ್ತದೆ. ಎರಡು ಬ್ಲೈಂಡ್‌ಗೆ ಪಣ ಏರಿಸಿ (ರೇಯ್ಸ್) ಆಮೇಲೆ ಫೋಲ್ಡ್ ಮಾಡುವುದಂತೂ ಕಾಲು ಭಾಗ ರಾಶಿಯನ್ನು ದಾನ ಕೊಟ್ಟಂತೆ.

ಪ್ರಶ್ನೆ ಕೇಳಿದವರು: ಪಕ್ಕದ ಟೇಬಲ್ಲಿನಲ್ಲಿ ಮೂವರ ಬಳಿ ಎರಡೆರಡು ಬ್ಲೈಂಡ್ ಮಾತ್ರ ಇದ್ದವು.

ಉತ್ತರ 1: ಹಾಗಿದ್ದರೆ ಅವರು ನಿಮಗಿಂತ ಮೊದಲು ಹೊರಬೀಳುವ ಸಾಧ್ಯತೆ ಹೆಚ್ಚು, ಫೋಲ್ಡ್ ಸಮರ್ಥನೀಯ, ಅವರ ಬ್ಲೈಂಡ್ ಸರದಿ ನಿಮ್ಮದಕ್ಕಿಂತ ಮೊದಲು ಬರುವಂತಿದ್ದರೆ ಇನ್ನೂ ಉತ್ತಮ.