ಕೊರಿಯಾದ ಥೈರಾಯ್ಡ್ ಕ್ಯಾನ್ಸರ್ ಗ್ರಾಫ್ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಮಳೆಹನಿ:
ಪಬ್ಲಿಕ್ ಹೆಲ್ತ್ ಓದ್ತಿದೀನಿ, ದಕ್ಷಿಣ ಕೊರಿಯಾದ ಥೈರಾಯ್ಡ್ ಕ್ಯಾನ್ಸರ್ ಮೇಲೆ ಸೆಮಿನಾರ್ ಕೊಡ್ಬೇಕು. ಗ್ರಾಫ್ ನೋಡಿ ತಲೆ ಕೆಟ್ಟೋಯ್ತು. 1993ಕ್ಕೆ ಹೋಲಿಸಿದ್ರೆ 2011ರಲ್ಲಿ ದರ 15 ಪಟ್ಟು, ಆ ಒಂದೇ ವರ್ಷ 40,000ಕ್ಕೂ ಜಾಸ್ತಿ ಜನಕ್ಕೆ ಪತ್ತೆ ಆಗಿದೆ, ಆದ್ರೆ ಸಾವಿನ ಗೆರೆ ಮಾತ್ರ ಚಾಪೆ ಹಾಸಿದಂಗೆ ಮಲಗಿದೆ, ವರ್ಷಕ್ಕೆ 300-400 ಅಷ್ಟೇ. ಅವ್ರು ಸಮುದ್ರದ ಪಾಚಿ ತಿಂತಾರಲ್ಲ, ಅಯೋಡಿನ್ ಕಾರಣನಾ? ರೇಡಿಯೇಷನ್ನಾ? ಅದ್ರಲ್ಲೂ ಹೆಂಗಸರಿಗೇ ಯಾಕೆ ಇಷ್ಟೊಂದು?

ಅಂಕಿಬುಕ್ಕು:
ಪಾಚಿ ಅವ್ರು ತಲೆತಲಾಂತರದಿಂದ ತಿಂತಿದಾರೆ, 1999ರಲ್ಲಿ ಶುರು ಮಾಡಿದ್ದಲ್ಲ. ಆ ವರ್ಷ ಶುರುವಾಗಿದ್ದು ಸರ್ಕಾರದ ಕ್ಯಾನ್ಸರ್ ಸ್ಕ್ರೀನಿಂಗ್, ಅಂದ್ರೆ ಲಕ್ಷಣ ಇಲ್ದೋರನ್ನೂ ಪರೀಕ್ಷೆ ಮಾಡಿ ಹುಡುಕೋದು. ಅದ್ರ ಪಟ್ಟೀಲಿ ಥೈರಾಯ್ಡ್ ಇರ್ಲೇ ಇಲ್ಲ, ಆದ್ರೆ ಹೆಂಗೂ ಬಂದಿದೀರಲ್ಲ, ಸ್ವಲ್ಪ ದುಡ್ಡು ಕೊಟ್ರೆ ಕುತ್ತಿಗೇನೂ ಅಲ್ಟ್ರಾಸೌಂಡ್ ಮಾಡ್ತೀವಿ ಅಂತ ಆಸ್ಪತ್ರೆಗಳು ಸೇರಿಸ್ತಾ ಹೋದ್ವು. ಹುಡುಕಿದ್ರು, ಸಿಕ್ತು. ಯಾಕಂದ್ರೆ ಪ್ಯಾಪಿಲರಿ ಅನ್ನೋ ನಿಧಾನವಾಗಿ ಬೆಳೆಯೋ ಥೈರಾಯ್ಡ್ ಕ್ಯಾನ್ಸರಿನ ಸಣ್ಣ ಗಂಟು ಎಷ್ಟೋ ಜನರ ಕುತ್ತಿಗೇಲಿ ಸುಮ್ನೆ ಕೂತಿರತ್ತೆ. ಫಿನ್‌ಲ್ಯಾಂಡಲ್ಲಿ 1985ರಲ್ಲಿ ಪ್ರಕಟವಾದ ಸ್ಟಡಿ ನೋಡಿ, 101 ಶವಪರೀಕ್ಷೇಲಿ ಥೈರಾಯ್ಡನ್ನ ಎರಡೂವರೆ ಮಿಲಿಮೀಟರಿಗೊಂದು ಹೋಳು ಮಾಡಿ ನೋಡಿದ್ರು, 36 ಜನರಲ್ಲಿ ಪ್ಯಾಪಿಲರಿ ಕ್ಯಾನ್ಸರ್ ಇತ್ತು. ಆ ಕ್ಯಾನ್ಸರ್ ಇದೆ ಅಂತ್ಲೇ ಗೊತ್ತಿಲ್ದೆ ಬೇರೆ ಕಾರಣಕ್ಕೆ ಸತ್ತೋರು ಅವ್ರು. ಕೊರಿಯಾದಲ್ಲಿ ಏರಿದ್ದೂ ಹೆಚ್ಚುಕಮ್ಮಿ ಪೂರ್ತಿ ಇದೇ ಪ್ಯಾಪಿಲರಿ.

ಹೆಂಗಸರ ಪ್ರಶ್ನೆ ಚೆನ್ನಾಗಿದೆ. ಆಸ್ಪತ್ರೆ ಲೆಕ್ಕದಲ್ಲಿ ಹೆಂಗಸರಿಗೆ ಸುಮಾರು ಮೂರು ಪಟ್ಟು ಜಾಸ್ತಿ, ಆದ್ರೆ ಶವಪರೀಕ್ಷೇಲಿ ಸಿಗೋ ಸಣ್ಣ ಪ್ಯಾಪಿಲರಿ ಗಂಡಸರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ! ಅಂದ್ರೆ ಆ ವ್ಯತ್ಯಾಸದಲ್ಲಿ ದೊಡ್ಡ ಪಾಲು, ಯಾರ ಕುತ್ತಿಗೆ ಜಾಸ್ತಿ ನೋಡಿದ್ರು ಅನ್ನೋದೇ.

ಸೆಮಿನಾರಲ್ಲಿ ಸರ್ವೈವಲ್ ರೇಟ್ ತೋರ್ಸಿ ಮಾತ್ರ ಮೋಸ ಹೋಗ್ಬೇಡಿ. ಕೊರಿಯಾದಲ್ಲಿ ಐದು ವರ್ಷದ ರಿಲೇಟಿವ್ ಸರ್ವೈವಲ್ (ಅದೇ ವಯಸ್ಸಿನ ಬೇರೆ ಜನಕ್ಕೆ ಹೋಲಿಸಿದ್ರೆ ಎಷ್ಟು ಜನ ಬದುಕಿದಾರೆ ಅನ್ನೋ ಲೆಕ್ಕ) ನೂರಕ್ಕೆ 100ಕ್ಕಿಂತ ಒಂಚೂರು ಮೇಲಕ್ಕೇ ಹೋಗಿತ್ತು, ಕ್ಯಾನ್ಸರ್ ಇರೋರು ಇಲ್ದೋರಿಗಿಂತ ಚೆನ್ನಾಗಿ ಬದುಕ್ತಾರೆ ಅಂದಂಗಾಯ್ತು, ಏನೂ ಆಗ್ದೇ ಇರೋರನ್ನ ಲೆಕ್ಕಕ್ಕೆ ಸೇರಿಸಿದ್ರೆ ಇನ್ನೇನಾಗತ್ತೆ.

ಬೆಳಗಿನ ಮಾತ್ರೆ:
ಗ್ರಾಫ್ ನಿಮ್ಗೆ, ಕುತ್ತಿಗೆ ನಂದು 🙂 ಬೇರೆ ಏನಕ್ಕೋ ಸ್ಕ್ಯಾನ್ ಮಾಡ್ಸಕ್ಕೋದಾಗ 6 ಮಿಲಿಮೀಟರ್ ಗಂಟು ಸಿಕ್ತು, ಕ್ಯಾನ್ಸರ್ ಅನ್ನೋ ಪದ ಕಿವಿಗೆ ಬಿದ್ಮೇಲೆ ಕಾದು ನೋಡೋಣ ಅನ್ನೋ ಧೈರ್ಯ ಮನೇಲಿ ಯಾರಿಗೂ ಬರ್ಲಿಲ್ಲ, ಪೂರ್ತಿ ತೆಗೆಸ್ದೆ. ಮಾರನೇ ದಿನ ಬೆರಳ ತುದಿ, ತುಟಿ ಸುತ್ತ ಜುಂ ಜುಂ, ನೋಡಿದ್ರೆ ಕ್ಯಾಲ್ಸಿಯಂ ಇಳಿದಿತ್ತು, ಥೈರಾಯ್ಡ್ ಹಿಂದೆ ಅಂಟ್ಕೊಂಡು ಕ್ಯಾಲ್ಸಿಯಂ ನೋಡ್ಕೊಳ್ಳೋ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟು ಬಿದ್ದಿದೆ ಅಂದ್ರು. ಥೈರಾಯ್ಡೇ ಇಲ್ವಲ್ಲ, ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಥೈರಾಯ್ಡ್ ಹಾರ್ಮೋನ್ ಮಾತ್ರೆ, ಜೀವನಪೂರ್ತಿ. ತೆಗೆಸಿದ್ದು ತಪ್ಪಾ ಸರಿನಾ ಅಂತ ಹೇಳಕ್ಕೆ ನಂಗೇ ಆಗಲ್ಲ, ಅದೇ ಕಷ್ಟ.

ಅಂಕಿಬುಕ್ಕು:
ನಿಮ್ಮೊಬ್ರದ್ದೇ ಅಲ್ಲ. ಕೊರಿಯಾದಲ್ಲಿ ಆಪರೇಷನ್ ಆದ 15,000ಕ್ಕೂ ಹೆಚ್ಚು ಜನರ ಇನ್ಶೂರೆನ್ಸ್ ಲೆಕ್ಕ ನೋಡಿದಾಗ ನೂರಕ್ಕೆ 11 ಜನಕ್ಕೆ ಪ್ಯಾರಾಥೈರಾಯ್ಡ್ ತೊಂದ್ರೆ, 2 ಜನಕ್ಕೆ ಧ್ವನಿತಂತು ಪಾರ್ಶ್ವವಾಯು.

ನಿಧಾನಸ್ಥ:
ಎಲ್ಲಾ ಸರಿ, ಆದ್ರೆ ‘ಥೈರಾಯ್ಡ್ ಕ್ಯಾನ್ಸರ್ ಅಂದ್ರೆ ಏನೂ ಅಲ್ಲ’ ಅಂತ ಯಾರೂ ಓದ್ಕೋಬೇಡಿ. ಇದ್ರಲ್ಲಿ ಬೇರೆ ಬಗೆಗಳೂ ಇವೆ. ಅನಾಪ್ಲಾಸ್ಟಿಕ್ ಅನ್ನೋದು ಅಪರೂಪ, ನೂರಕ್ಕೆ ಒಂದೆರಡು, ಬಂದ್ರೆ ಬದುಕೋದು ತಿಂಗಳುಗಳ ಲೆಕ್ಕ. ಮೆಡುಲರಿ ಅನ್ನೋ ಇನ್ನೊಂದು ಬಗೆ ಕೆಲವು ಮನೆತನದಲ್ಲಿ ಆರ್‌ಇಟಿ ಜೀನ್ ಜೊತೆ ಹರಿದು ಬರತ್ತೆ, ಅಲ್ಲಿ ಹುಡುಕ್ಲೇಬೇಕು. ರೇಡಿಯೇಷನ್ ಕೇಳಿದ್ರಲ್ಲ, 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತ ಆದ್ಮೇಲೆ ಮಕ್ಕಳಲ್ಲಿ ಏರಿದ್ದು ನಿಜವಾದ ಏರಿಕೆನೇ, ಬರೀ ಸ್ಕ್ಯಾನಿನ ಆಟ ಅಲ್ಲ. ಗಂಟು ಬೇಗ ಬೇಗ ಬೆಳೀತಿದೆ, ದನಿ ಒಡೆದಿದೆ, ನುಂಗಕ್ಕೆ ಆಗ್ತಿಲ್ಲ ಅಂದ್ರೆ ಈ ಚರ್ಚೆ ಎಲ್ಲ ಪಕ್ಕಕ್ಕಿಟ್ಟು ಡಾಕ್ಟ್ರ ಹತ್ರ ಹೋಗಿ.

ಮಳೆಹನಿ:
ಥ್ಯಾಂಕ್ಸ್ ಎಲ್ರಿಗೂ. ಕೊನೇದೊಂದು, ಗ್ರಾಫ್ ಆಮೇಲೆ ಇಳೀತಾ? ಸುಮ್ನೆ ಬಿಟ್ಟೋರಿಗೆ ಏನಾಯ್ತು?

ಅಂಕಿಬುಕ್ಕು:
ಇಳೀತು. 2014ರಲ್ಲಿ ಅಲ್ಲಿನ ಡಾಕ್ಟ್ರುಗಳೇ ಕೆಲವರು ಸೇರ್ಕೊಂಡು ಈ ಸ್ಕ್ರೀನಿಂಗ್ ನಿಲ್ಸಿ ಅಂತ ಬಹಿರಂಗವಾಗಿ ಹೇಳಿದ್ರು, ಪೇಪರ್ ಟಿವಿಲೆಲ್ಲ ಬಂತು, ಒಂದೇ ವರ್ಷದಲ್ಲಿ ಆಪರೇಷನ್ ಮೂರನೇ ಒಂದು ಭಾಗ ಕಮ್ಮಿ ಆಯ್ತು. ಸುಮ್ನೆ ಬಿಟ್ಟೋರ ಲೆಕ್ಕಕ್ಕೆ ಜಪಾನಿನ ಕೋಬೆಯ ಕುಮಾ ಆಸ್ಪತ್ರೆ ನೋಡಿ, 1993ರಿಂದ್ಲೇ 1 ಸೆಂಟಿಮೀಟರ್ ಒಳಗಿನ ಕಮ್ಮಿ ಅಪಾಯದ ಗಂಟನ್ನ ಕತ್ತರಿಸ್ದೆ ಸ್ಕ್ಯಾನಲ್ಲಿ ಕಾಯ್ತಾ ಬಂದ್ರು, ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಬೆಳೆದಿದ್ದು ನೂರಕ್ಕೆ 8 ಜನಕ್ಕೆ. ಬೆಳೆದ್ಮೇಲೆ ಆಪರೇಷನ್ ಮಾಡ್ಸಿದೋರೂ ಚೆನ್ನಾಗೇ ಇದ್ರು.

ಬೆಳಗಿನ ಮಾತ್ರೆ:
ನೂರಕ್ಕೆ 8 ಅಂತ ಆವಾಗ್ಲೇ ಯಾರಾದ್ರೂ ಹೇಳಿದ್ರೆ ಒಂದು ವರ್ಷನಾದ್ರೂ ಕಾಯ್ತಿದ್ನೇನೋ.