ಸೀರಿಯಲ್ ಪೋರ್ಟಿಗೆ ಕಟ್ಟಿದ ಇನ್‌ಫ್ರಾರೆಡ್ ರಿಸೀವರ್: ಹಗಲಿಗೊಂದು ತೊಂದರೆ, ಸಂಜೆಗೊಂದು

ಪ್ರಶ್ನೆ (ಕಲಬುರಗಿ)

ಮಾನ್ಯರೇ, ಹಾಸಿಗೆ ಹಿಡಿದಿರುವ ನಮ್ಮ ತಂದೆಯವರು ವಚನಗಾಯನವನ್ನು ಮಲಗಿದಲ್ಲಿಂದಲೇ ಟಿ.ವಿ. ರಿಮೋಟಿನಿಂದ ಹಾಕಿಕೊಳ್ಳಲೆಂದು, ಲಿನಕ್ಸ್ ಇರುವ ಹಳೆಯ ಡೆಸ್ಕ್‌ಟಾಪಿಗೆ ರಿಸೀವರ್ ಕಟ್ಟಿದ್ದೇನೆ. ಸೀರಿಯಲ್ ಪೋರ್ಟಿನ 7ನೇ ಪಿನ್ನಿನಿಂದ (ಆರ್‌ಟಿಎಸ್) 1ಎನ್4148 ಡಯೋಡ್, ಅದರಿಂದ 78ಎಲ್05 ರೆಗ್ಯುಲೇಟರ್, ಅಲ್ಲಿಂದ ಟಿಎಸ್‌ಒಪಿ1738 ಎಂಬ ರಿಸೀವರ್ ಭಾಗಕ್ಕೆ 5 ವೋಲ್ಟ್ ಹೋಗುತ್ತದೆ; ಔಟ್‌ಪುಟ್ 1ನೇ ಪಿನ್ನಿಗೆ (ಡಿಸಿಡಿ), ಗ್ರೌಂಡ್ 5ನೇ ಪಿನ್ನಿಗೆ. ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದಾಗ ರಿಮೋಟನ್ನು ತೀರ ಹತ್ತಿರ ಹಿಡಿಯಬೇಕಾಗುತ್ತದೆ. ಸಂಜೆ ದೂರದಿಂದಲೂ ಕೆಲಸ ಮಾಡುತ್ತದೆ, ಆದರೆ ಯಾವ ಗುಂಡಿಯನ್ನೂ ಒತ್ತದಿದ್ದರೂ ಮೋಡ್2 (ರಿಸೀವರಿಗೆ ಬಂದ ಮಿಡಿತಗಳನ್ನು ಸಾಲುಸಾಲಾಗಿ ತೋರಿಸುವ ಪ್ರೋಗ್ರಾಂ) ಪರದೆಯಲ್ಲಿ ಸಾಲುಗಳು ಓಡುತ್ತಿರುತ್ತವೆ. ಭಾಗ ಕೆಟ್ಟಿದೆಯೇ?

ಉತ್ತರ (ಬೀದರ್)

ಭಾಗ ಕೆಟ್ಟಿಲ್ಲವೆಂದೇ ನನ್ನ ಅಭಿಪ್ರಾಯ. ಇವು ಎರಡು ಬೇರೆ ಬೇರೆ ತೊಂದರೆಗಳು. ಬಿಸಿಲಿನಲ್ಲಿಯೂ ಇನ್‌ಫ್ರಾರೆಡ್ ಧಾರಾಳವಾಗಿ ಇರುವುದರಿಂದ, ಅದು ನೇರವಾಗಿ ಬಿದ್ದಾಗ ರಿಮೋಟಿನ 38 ಕಿಲೋಹರ್ಟ್ಸ್ ಮಿಡಿತ ಅದರಲ್ಲಿ ಮುಳುಗಿ ದೂರ ಕುಗ್ಗುತ್ತದೆ. ಸಂಜೆಯ ಸಾಲುಗಳಿಗೆ ಎಲೆಕ್ಟ್ರಾನಿಕ್ ಚೋಕಿನ ಟ್ಯೂಬ್‌ಲೈಟ್ ಕಾರಣವಿರಬಹುದು, ಏಕೆಂದರೆ ಅಂಥ ಚೋಕುಗಳು ದೀಪವನ್ನು ಹತ್ತಾರು ಕಿಲೋಹರ್ಟ್ಸ್ ವೇಗದಲ್ಲಿ ಉರಿಸುತ್ತವೆ. ದೀಪ ಆರಿಸಿ ನೋಡಿ; ಸಾಲುಗಳು ನಿಂತರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಉತ್ತರ (ಯಾದಗಿರಿ)

ಮೇಲಿನವರ ಮಾತು ಸರಿ. ಅದರ ಜೊತೆಗೆ, ರಿಸೀವರಿನ ಕಾಲುಗಳ ಬುಡದಲ್ಲಿಯೇ 5 ವೋಲ್ಟ್ ದಾರಿಗೆ 100 ಓಮ್ ರೆಸಿಸ್ಟರ್, ಗ್ರೌಂಡಿಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆಯಿರಿ. ತಯಾರಕರ ಡೇಟಾಶೀಟ್ ಹೇಳುವುದೂ ಇದನ್ನೇ. ಇದನ್ನು ರೆಗ್ಯುಲೇಟರಿನ ಬಳಿ ಹಾಕಿ ಉದ್ದ ತಂತಿ ಎಳೆದರೆ ಉಪಯೋಗ ಕಡಿಮೆ. ಮಲ್ಟಿಮೀಟರಿನಲ್ಲಿ 4.5ರಿಂದ 5.5 ವೋಲ್ಟ್ ಬರಬೇಕು; ರಿಸೀವರಿನ ಸಂಕೇತ ಓದುವ ಲಿನಕ್ಸ್ ಡ್ರೈವರ್ ಲೋಡ್ ಆಗುವ ಮೊದಲು ಆರ್‌ಟಿಎಸ್‌ನಲ್ಲಿ ವಿದ್ಯುತ್ ಇರದಿರಬಹುದಾದ್ದರಿಂದ ಲೋಡ್ ಆದ ನಂತರವೇ ಅಳೆಯಿರಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಟ್ಯೂಬ್‌ಲೈಟ್ ಆರಿಸಿದ ಕ್ಷಣವೇ ಸಾಲುಗಳು ನಿಂತವು. ರಿಸೀವರಿಗೆ ಕಪ್ಪು ಕಾಗದದ ಕೊಳವೆ ತೊಡಿಸಿ, ಕಿಟಕಿಗೆ ಬೆನ್ನು ಮಾಡಿ ತಂದೆಯವರ ಮಂಚದತ್ತ ತಿರುಗಿಸಿದ ಮೇಲೆ ಮಧ್ಯಾಹ್ನವೂ ಮಂಚದಿಂದಲೇ ರಿಮೋಟ್ ಹಿಡಿಯುತ್ತಿದೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.

ಇನ್ನೊಬ್ಬರು (ಕಲಬುರಗಿ)

ನನ್ನ ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಸೀರಿಯಲ್ ಪೋರ್ಟೇ ಇಲ್ಲ. ಯುಎಸ್‌ಬಿ ಅಡಾಪ್ಟರ್ ಸಾಕೇ?

ಉತ್ತರ (ಬೀದರ್)

ಸಾಲದು. ಈ ಡ್ರೈವರ್ ನೇರವಾಗಿ ಪೋರ್ಟಿನ ಚಿಪ್ಪಿನಿಂದಲೇ ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಮಿಡಿತಗಳನ್ನು ಅಳೆಯುತ್ತದೆ, ಅಡಾಪ್ಟರಿನಲ್ಲಿ ಅದು ಆಗದು. ಮದರ್‌ಬೋರ್ಡಿನಲ್ಲಿ ‘ಕಾಮ್’ (COM, ಅಂದರೆ ಸೀರಿಯಲ್ ಪೋರ್ಟ್) ಎಂದು ಬರೆದ ಪಿನ್ನುಗಳ ಗುಂಪು ಇದೆಯೇ ನೋಡಿ. ಅದಕ್ಕೆ ಸಿಗುವ ಕೇಬಲ್‌ಗಳಲ್ಲಿ ಎರಡು ಬಗೆಯ ಜೋಡಣೆ ಇರುವುದರಿಂದ, ಬೆಸೆಯುವ ಮೊದಲು ಹೊರತುದಿಯ 5ನೇ ಪಿನ್ನಿಗೂ ಕ್ಯಾಬಿನೆಟ್ಟಿನ ಲೋಹಕ್ಕೂ ಮಲ್ಟಿಮೀಟರ್ ಬೀಪ್ ಕೊಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.